ಬೆಲ್ಲದ ಬೆರಳು

ಅತ್ಲಾಗೆ ನಲವತ್ತೊಂದು. ಇತ್ಲಾಗೂ ನಲವತ್ತೊಂದು.
ಅರಕಲಗೂಡಿನ ಕಚೇರೀಲಿ ಮೂರು ಸಾರಿ ಎಣಿಸಿದ್ರು.
ಶಿರಸ್ತೇದಾರ್ರು ಹುಣಿಸೆಬೀಜ ಜೋಡಿಸಿಟ್ಟು
ಇನ್ನೊಂದಪ ನೋಡಿದ್ರು;
ಬೀಜಾನೂ ಯಾರ ಪಕ್ಷಾನೂ ಹಿಡೀಲಿಲ್ಲ.

ದಸರೇಲಿ ಮೈಸೂರಿನ ಸಭೆಗೆ ಹೋಗಿ
ದಿವಾನರ ಮುಂದೆ ತಾಲ್ಲೂಕಿನ ಕಷ್ಟ ಹೇಳೋಕೆ
ಒಬ್ಬರು ಬೇಕಂತೆ.
ನಿಂತೋರು ಇಬ್ಬರು:
ಜೋಡೀದಾರ್ ಅಳಸಿಂಗಯ್ಯ,
ಹೊಗೆಸೊಪ್ಪಿನ ಮುರಿಗೆಪ್ಪ ಶೆಟ್ರು.
ಹೆಸರು ಹೇಳೋ ಹಕ್ಕು ಹೆಚ್ಚು ಕಂದಾಯ ಕಟ್ಟೋರಿಗೆ ಮಾತ್ರ.
ನಮ್ಮಪ್ಪ ಮೂಗಯ್ಯ ಕಚೇರಿ ಜವಾನ;
ಅವನು ಕಟ್ಟೋದೇನಿದ್ರೂ ಅಮಲ್ದಾರರ ಕುದುರೇನ.

ನಂಗಾಗ ಏಳು ವರ್ಷ.
ಅಪ್ಪನಿಗೆ ಬುತ್ತಿ ತಂದೋಳು
ಬಾಗಿಲ ಮರೇಲಿ ಅಚ್ಚುಬೆಲ್ಲ ನೆಕ್ಕುತಾ ನಿಂತಿದ್ದೆ.
ಹೊರಗೆ ಎರಡೂ ಕಡೆ ಗಾಡಿ, ಎತ್ತಿನ ಉಸಿರು,
ಯಾರದೋ ರುಮಾಲು ಇನ್ಯಾರದೋ ಕಾಲಡಿ.
ಅಮಲ್ದಾರ್ರು ಕನ್ನಡಕ ಒರೆಸ್ಕೊಂಡು ಅಂದ್ರು:
ಓದು ಬಾರದ ಕೈಯೊಂದು ಬೇಕು,
ಆ ಕೂಸನ್ನ ಕರೀರಿ.

ಮಗುಚಿಟ್ಟ ಪೇಟದೊಳಗೆ ಎರಡೇ ಚೀಟಿ.
ಕೈ ಹಾಕಿದೆ.
ದೇವರಾಣೆ, ನಾನು ಆರಿಸಲಿಲ್ಲ.
ಬೆಲ್ಲದ ಅಂಟಿಗೆ ಒಂದು ಬಂದು ಬೆರಳು ಹಿಡ್ಕೊಂತು.
ಕೊಡವಿದೆ. ಬೀಳಲಿಲ್ಲ.
ಇರುವೆ ಕಚ್ಚಿದೋಳ ಹಾಗೆ ಕೈ ಮೇಲೆತ್ತಿದೆ.
ಮುರಿಗೆಪ್ಪ! ಅಂತ ಓದಿದ್ರು.

ಶೆಟ್ರು ಸಭೆಗೆ ಹೋದ್ರು.
ಹೊಗೆಸೊಪ್ಪಿನ ಸುಂಕದ ಮಾತೆತ್ತಿದ್ರಂತೆ,
ಮುಗಿಯೋಕೆ ಮುಂಚೆ ಗಂಟೆ ಹೊಡೀತಂತೆ.
ನಂಗೆ ಲಂಗಕ್ಕೆ ಮೂರು ಮೊಳ ಚೀಟು ಕಳಿಸಿದ್ರು.

ಅಳಸಿಂಗಯ್ಯನೋರು ನನ್ನ ಕಂಡ್ರೆ ದಾರಿ ಬದಲಿಸೋರು.
ಎಷ್ಟೋ ವರ್ಷ ಆದಮೇಲೆ, ಸಂತೇಲಿ, ಎದುರು ನಿಂತ್ಕೊಂಡು:
ನಿಜ ಹೇಳು ದ್ಯಾವೀರಿ, ಅವತ್ತು ಯಾರು ಹೇಳಿಕೊಟ್ಟಿದ್ದು?
ಬೆಲ್ಲ, ಅಂದೆ.
ಯಾವ ಆಲೆಮನೆಯೋರ ಪಿತೂರಿ ಅಂತ
ಸಾಯೋಗಂಟ ವಿಚಾರಿಸಿದ್ರಂತೆ ಪಾಪ.

ಇವತ್ತು ಸ್ಕೂಲಿನ ಮುಂದೆ ಸಾಲು.
ಜವಾನ್ರೂ ಅವ್ರೆ, ಜವಾನರ ಹೆಣ್ಮಕ್ಕಳೂ ಅವ್ರೆ.
ಕಂದಾಯ ಎಷ್ಟು ಅಂತ ಯಾರೂ ಕೇಳಲಿಲ್ಲ.
ಪಟ್ಟೀಲಿ ನನ್ನ ವಯಸ್ಸು ಅರವತ್ತು ಅಂತ ಬರೆದವ್ರೆ,
ಎಂಟು ವರ್ಷ ಬಿಟ್ಟುಕೊಟ್ಟೆ, ಹೋಗ್ಲಿ.
ಶಾಯಿ ಹಚ್ಚೋ ಹುಡುಗ ಎಡಗೈ ಹಿಡ್ದ.
ಅದಲ್ಲ ಮಗ, ಅಂತ ಬಲಗೈ ಚಾಚಿದೆ.
ರೂಲು ಅಜ್ಜಿ, ಎಡದ್ದೇ ಆಗ್ಬೇಕು, ಅಂದ.

ಹಚ್ಚಿಸ್ಕೊಂಡೆ.
ಪರದೆ ಒಳಗೆ ಹೋಗೋ ಮುಂಚೆ
ಬಲಗೈನ ಸೆರಗಿಗೆ ಉಜ್ಜಿ ಉಜ್ಜಿ ಒರೆಸ್ತಿದ್ದೆ.
ಶಾಯಿ ಆ ಕೈಗೆ ಹಚ್ಚೇ ಇಲ್ಲ ಅಜ್ಜಿ, ಅಂತ ನಕ್ಕ.
ಶಾಯಿ ಅಲ್ಲ ಮಗ, ಅಂದೆ.