ಮರಳು ನಿಂತ ಗೆರೆ

ಮೊದಲು ಅದು ಲಾರಿಯ ಕಮಾನುಪಟ್ಟಿ,
ಪೋರ್ಟ್ ಸುಡಾನಿನಿಂದ ಕಸ್ಸಲಕ್ಕೆ
ಸಿಮೆಂಟು ಸಕ್ಕರೆ ಹೊತ್ತು ಬಾಗಿ ಬಾಗಿ ಸವೆದದ್ದು.
ಸೋದರಮಾವ ಓಕೀರ್ ಕಾಯಿಸಿ ಬಡಿದು
ಅದಕ್ಕೆ ನೆಟ್ಟಗಾಗುವುದನ್ನು ಕಲಿಸಿದ.
ತಿದಿ ಒತ್ತಿದವನು ನಾನು.

ಕೊಳ್ಳಲು ಬಂದವನು ತಾಹಾಯ್.
ಅಣ್ಣನ ಮದುವೆ, ಕುಣಿಯಲು ಬೇಕು ಅಂದ.
ಕುಣಿಯುವವರು ಅಲಗಿನ ಮೈ ನೋಡುತ್ತಾರೆ;
ಇವನು ಬಾಯಿ ಮುಟ್ಟಿ ನೋಡಿದ.

ಅಂಗಳದಲ್ಲಿ ಜೋಳದ ದಂಟಿನ ಕಟ್ಟು ನಿಲ್ಲಿಸಿದೆವು.
ಮೊನೆಯಿಂದ ಬೀಸಿದ: ಎರಡು ಗರಿ ಹರಿದವು, ಅಷ್ಟೇ.
ಹಿಡಿಯ ಹತ್ತಿರದಿಂದ ಕೊಟ್ಟ:
ಎಮ್ಮೆ ಮೈಯುಜ್ಜಿದ ಗೂಟದಂತೆ ವಾಲಿತು, ಕಡಿಯಲಿಲ್ಲ.
ನಟ್ಟನಡುವಿನಿಂದ ಹೊಡೆದಾಗ
ದಂಟು ಅರ್ಧ ತುಂಡಾಯಿತು, ಅಂಗೈ ಪೂರ್ತಿ ಜುಮ್ಮೆಂದಿತು.
ಮೊಣಕೈ ಹಿಡಿದುಕೊಂಡು ಬೈದ,
ಕತ್ತಿಯನ್ನೋ ಮಾವನನ್ನೋ ತಿಳಿಯಲಿಲ್ಲ.

ಮಾವ ಶುಂಠಿ ಕಾಫಿಯ ಬಟ್ಟಲು ಕೆಳಗಿಟ್ಟ.
ಗಾಶ್ ನದಿಯ ಒಣ ಒಡಲಿನ ಮರಳು
ಅಲಗಿನುದ್ದಕ್ಕೂ ಉದುರಿಸಿದ, ಹಿಟ್ಟಿಗೆ ಉಪ್ಪಿನ ಹಾಗೆ.
ಹಿಡಿಯನ್ನು ಎರಡೇ ಬೆರಳಲ್ಲಿ ಹಿಡಿದು
ತುದಿಯ ಗುಬುಟನ್ನು ಗೆಣ್ಣಿನಿಂದ ತಟ್ಟಿದ.
ಮರಳು ಎದ್ದು ಓಡಿತು, ಹೆದರಿದ ಇರುವೆಸಾಲು.
ಇನ್ನೊಮ್ಮೆ ತಟ್ಟಿದ. ಮತ್ತೊಮ್ಮೆ.
ಮೊನೆಯಿಂದ ಒಂದು ಗೇಣು ಈಚೆ
ಅಡ್ಡಗೆರೆಯಾಗಿ ನಿಂತುಬಿಟ್ಟಿತು.

'ಎರಡು ಕಡೆ ಇದು ನಡುಗುವುದಿಲ್ಲ.
ಒಂದು ನಿನ್ನ ಮುಷ್ಟಿಯೊಳಗೆ.
ಇನ್ನೊಂದು ಇಲ್ಲಿ.
ಇಲ್ಲಿ ಹೊಡೆದರೆ ಪೆಟ್ಟು ನಿನ್ನ ಕಡೆ ವಾಪಸು ಬರುವುದಿಲ್ಲ,
ಇದ್ದಬದ್ದದ್ದೆಲ್ಲ ಆಚೆಗೇ ಹೋಗುತ್ತದೆ.'

ತಾಹಾಯ್ ಬೀಸಿದ.
ಕಟ್ಟು ಒಂದು ಗಳಿಗೆ ಏನೂ ಆಗದಂತೆ ನಿಂತಿತ್ತು.
ಆಮೇಲೆ ಮೇಲರ್ಧ ಜಾರಿತು.
ಮೇಕೆ ಬಂದು ಮೂಸಿತು.

'ಅಲ್ಲೊಂದು ಅರದ ಗುರುತು ಹಾಕಿಕೊಡು.'
'ಕುಣಿತಕ್ಕೆ ಗುರುತು ಯಾಕೆ?'
'ಕುಂಟು ಒಂಟೆಯೊಂದಿದೆ.'
ಒಂಟೆಯ ಕೊರಳಿಗೆ ಗೇಣು ಅಳೆಯುವವರನ್ನು ನಾನೂ ಕಂಡಿಲ್ಲ.
ಮಾವ ತಾಕಾ ಬೆಟ್ಟದ ಬೋಳು ಬಂಡೆ ನೋಡುತ್ತ ಕೂತ,
ಅರ ಎತ್ತಲಿಲ್ಲ.
ಹಣ ಮಾತ್ರ ಎಣಿಸಿದ; ಮನೆಯಲ್ಲಿ ಜೋಳ ಮುಗಿದಿತ್ತು.

ಬೀದಿಯ ತಿರುವಿನಲ್ಲಿ ತಾಹಾಯ್ ನನ್ನ ತೋಳು ಹಿಡಿದ.
ಒಂದು ನೋಟು. ಹೊಸದು, ಮಡಿಕೆಯಿಲ್ಲದ್ದು.
ಗೋಂದಿನಲ್ಲಿ ಇದ್ದಿಲು ಕಲಸಿ
ಮರಳು ನಿಂತಲ್ಲೇ ಎಳೆದೆ.

ಮದುವೆಯ ರಾತ್ರಿ ಗಂಡಸರು ಎರಡು ಸಾಲು.
ನೆಗೆದು ಮಣಿಕಟ್ಟು ಅದುರಿಸಿದರೆ
ಕತ್ತಿಗಳೆಲ್ಲ ನೀರು,
ದೀಪದಲ್ಲಿ ಅಂಚಿಲ್ಲ, ಮೈಯಿಲ್ಲ.
ತಾಹಾಯನ ಕತ್ತಿಯೂ ಕರಗಿತು
ನನ್ನ ಗೆರೆಯೊಂದನ್ನು ಬಿಟ್ಟು.
ಅದು ಗಾಳಿಯಲ್ಲಿ ಕಪ್ಪಗೆ, ಅಲ್ಲಾಡದೆ, ತೂಗಿತ್ತು.

ಎದುರು ಸಾಲಿನಲ್ಲಿ ಬಾವಿಯ ತಕರಾರಿನ ಓಶೇಕ್.
ಕುಣಿತ ನಿಲ್ಲಿಸಿರಲಿಲ್ಲ ಅವನು,
ಕಣ್ಣು ಮಾತ್ರ ಗೆರೆಯ ಮೇಲೆ.

ಮಾವ ಕತ್ತಲಲ್ಲೇ ನನ್ನ ಕೈ ಎಳೆದುಕೊಂಡು
ಒಂದೊಂದೇ ಬೆರಳು ಬಿಡಿಸಿ ಮೂಸಿದ.
ಗೋಂದು ಉಗುರಿನ ಸಂದಿಯಲ್ಲಿ ಇನ್ನೂ ಅಂಟಂಟಾಗಿತ್ತು.