ಪಕ್ಕದ ಮನೆಯಿಂದ ಹತ್ತು

ಉದ್ಯಾವರದಲ್ಲಿ ಉಪ್ಪು ಒಂದು ವಾರ ಉಪ್ಪಾಗಿರುವುದಿಲ್ಲ.
ಡಬ್ಬಿಯ ತಳದಲ್ಲಿ ಬೆವರುತ್ತದೆ, ನನ್ನ ಹಾಗೆ.
ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ,
ಹುನಗುಂದದಿಂದ ರಾತ್ರಿಯಿಡೀ ಸದ್ದು ಮಾಡುತ್ತ ಬಂದದ್ದು,
ಮೂರನೇ ದಿನಕ್ಕೆ ಕರವಸ್ತ್ರದಂತೆ ಮಡಚತೊಡಗಿತು.

ಸೆವ್ರಿನ್ ಬಾಯಿಯ ಮನೆಯ ಹಿಂದಿನ ಕೋಣೆ.
ಒಂದು ಕಿಟಕಿ, ಎರಡು ಮೊಳೆ,
ಮೊದಲಿದ್ದವರು ಬಿಟ್ಟುಹೋದ ಅರ್ಧ ಮೇಣದ ಬತ್ತಿ.
"ಮೀನು ಕಾಯಿಸುವಾಗ ಕಿಟಕಿ ಹಾಕಿಕೊಳ್ಳಿ ಟೀಚರ್,
ನಿಮಗೆ ಆಗುವುದಿಲ್ಲ ಅಲ್ವ?"
ಹಾಕಿಕೊಂಡೆ. ಸೆಖೆಗೆ ಎದ್ದು ತೆರೆದೆ.
ಈಗ ಬೂತಾಯಿ ಯಾವುದು, ಬಂಗುಡೆ ಯಾವುದು
ವಾಸನೆಯಲ್ಲೇ ಹೇಳಬಲ್ಲೆ.
ಅವ್ವನಿಗೆ ಹೇಳಿಲ್ಲ.

ಮೊದಲ ದಿನ ನಾಲ್ಕನೇ ತರಗತಿಯಲ್ಲಿ ಕೇಳಿದೆ:
"ಗಣಿತದ ಪುಸ್ತಕ ಎಲ್ಲೈತ್ರೀ?"
"ಉಂಡು ಟೀಚರ್" ಅಂದ ತೀರ್ಥೇಶ.
ಪುಸ್ತಕ ಉಂಡು ಬಂದವನನ್ನು ನಾನು ದಿಟ್ಟಿಸಿದೆ,
ಮಕ್ಕಳಿಗೂ 'ರೀ' ಹಚ್ಚುವವಳನ್ನು ಅವನು.
ಇಪ್ಪತ್ತಮೂರು ಮಂದಿ ಡೆಸ್ಕಿನಡಿ ಬಗ್ಗಿ ನಕ್ಕರು.

ತುಳುವಿನಲ್ಲಿ ಉಂಡು ಅಂದರೆ ಇದೆ. ಇಜ್ಜಿ ಅಂದರೆ ಇಲ್ಲ.
ಎರಡನೆಯದು ನನಗೆ ಬೇಗ ರೂಢಿಯಾಯಿತು.
ಜೂನಿನದು ಬಂತಾ? ಇಜ್ಜಿ. ಜುಲೈದು? ಇಜ್ಜಿ.
"ಬಿಲ್ಲು ಖಜಾನೆಗೆ ಹೋಗಿದೆ ಮಾರಾಯ್ರೆ" ಅಂತ ಗುಮಾಸ್ತರು.
ಅತಿಥಿ ಶಿಕ್ಷಕಿ ನಾನು, ನನ್ನದು ಸಂಬಳವಲ್ಲ, ಗೌರವಧನ.
ಗೌರವ ಬೆಳಿಗ್ಗೆ ಒಂಬತ್ತೂವರೆಗೆ ತಪ್ಪದೆ ಎದ್ದು ನಿಂತು
ರಾಗವೆಳೆದು ನಮಸ್ತೇ ಹೇಳುತ್ತದೆ.
ಧನ ಇನ್ನೂ ದಾರಿಯಲ್ಲಿದೆ.

ಕಳೆಯುವ ಲೆಕ್ಕ. ಪುಸ್ತಕದಲ್ಲಿ ರಾಜುವಿನ ಮಾವಿನಹಣ್ಣು
ಎಷ್ಟು ಸಲ ಕಳೆದರೂ ಮುಗಿಯುವುದಿಲ್ಲ.
ಬೋರ್ಡಿನ ಮೇಲೆ ಹೊಸದೊಂದು ಬರೆದೆ:
ಒಬ್ಬರಿಗೆ ಹನ್ನೆರಡು ಸಾವಿರ ಬರುತ್ತದೆ.
ಬಾಡಿಗೆ ಮೂರೂವರೆ. ಊರಿಗೆ ನಾಲ್ಕು.
ಬಸ್ಸಿಗೆ ಏಳುನೂರ ಎಂಬತ್ತು.
ಅಕ್ಕಿ, ಎಣ್ಣೆ, ಕಾಯಿಪಲ್ಲೆ, ಸೋಪು ಎರಡು ಸಾವಿರದ ಆರುನೂರು.
ಉಳಿದದ್ದರಲ್ಲಿ ಬಿ.ಎಡ್. ಸಾಲಕ್ಕೆ ಸಾವಿರದ ಐನೂರು ಕಟ್ಟಬೇಕು.

ಸುಣ್ಣದ ಕಡ್ಡಿಯ ಸದ್ದು, ಸ್ಲೇಟು ಒರೆಸುವ ಉಗುಳು.
ಒಂದು ಸಾವಿರದ ನೂರ ಇಪ್ಪತ್ತಕ್ಕೆ ಬಂದು ಎಲ್ಲರೂ ನಿಂತರು.
"ಒಂದರಲ್ಲಿ ಐದು ಹೋಗುವುದಿಲ್ಲ ಟೀಚರ್."
ಹೋಗದಿದ್ದರೆ? ಪಕ್ಕದ ಮನೆಯಿಂದ ಹತ್ತು ಕಡ ತಗೊಳ್ಳಿ.
ತಗೊಂಡರು. ಐದು ಹೋಯಿತು, ಆರು ಉಳಿಯಿತು.
ಮತ್ತೆ ನಿಂತರು.
"ಈಗ ಪಕ್ಕದ ಮನೆಯೂ ಖಾಲಿ ಟೀಚರ್."

ಲೆಕ್ಕ ತಪ್ಪು ಕೊಟ್ಟೆ, ಒರೆಸಿ, ಅನ್ನುವಷ್ಟರಲ್ಲಿ
ಹಿಂದಿನ ಸಾಲಿನ ಮಿಸ್ರಿಯಾ ಕೈ ಎತ್ತಿದಳು.
"ಅವರು ಬಸ್ಸಲ್ಲಿ ಯಾಕೆ ಬರುವುದು?
ನಮ್ಮ ಮನೆ ಹಿಂದಿನ ಕಟ್ಟಪುಣಿಯಲ್ಲಿ ಬಂದರೆ
ಇಪ್ಪತ್ತೈದು ನಿಮಿಷ. ನಾಯಿ ಉಂಟು, ಕಚ್ಚುವುದಿಲ್ಲ."

ಏಳುನೂರ ಎಂಬತ್ತನ್ನು ವಾಪಸು ಕೂಡಿಸಿದರು.
"ನಾನೂರು ಉಳಿಯಿತು!" ತರಗತಿಗೆ ತರಗತಿಯೇ ಕೂಗಿತು,
ಹೆಡ್ ಮಾಸ್ಟರು ಬಾಗಿಲಲ್ಲಿ ಇಣುಕಿ ಹೋದರು.
ಆ ಒಬ್ಬರು ಯಾರು ಎಂದು ಯಾರೂ ಕೇಳಲಿಲ್ಲ.
ಕೇಳದೇ ಇರುವುದನ್ನು ಇವರಿಗೆ ಯಾರು ಕಲಿಸಿದರೋ,
ನಾನಂತೂ ಅಲ್ಲ.

ಮರುದಿನ ಗದ್ದೆಯ ಬದುವಿನ ಮೇಲೆ ಚಪ್ಪಲಿ ಕೈಲಿ ಹಿಡಿದು ನಡೆದೆ.
ಮುಂದೆ ಮಿಸ್ರಿಯಾ, ಹಿಂದೆ ನಾಯಿ.
ಎರಡು ಸಲ ಜಾರಿದೆ. ಒಂದೇ ಸಲ ನಕ್ಕಳು.

ಸಂಜೆ ಬಾಯಿ ಒಂದು ತೆಂಗಿನಕಾಯಿ ಉರುಳಿಸಿ ಹೋದರು.
"ಕಡ ಅಂತ ಇಟ್ಟುಕೊಳ್ಳಿ" ಅಂದರು,
ಯಾವಾಗ ವಾಪಸು ಅಂತ ಹೇಳಲಿಲ್ಲ.
ಕುಚ್ಚಲಕ್ಕಿ ಗಂಜಿ ಇನ್ನೂ ಕುದಿಯುತ್ತಿತ್ತು;
ಈ ಅಕ್ಕಿ ಬೇಯುವುದರೊಳಗೆ
ನಮ್ಮೂರಲ್ಲಿ ಹತ್ತು ರೊಟ್ಟಿ ಬಡಿಯಬಹುದು.
ಅಷ್ಟರಲ್ಲಿ ಅವ್ವನ ಫೋನು:
"ಉಂಡೀ ಏನವ್ವಾ?"

ಒಲೆ ಸಣ್ಣ ಮಾಡಿದೆ.
"ಉಂಡು" ಅಂದೆ.
"ಉಂಡು? ಉಂಡು ಏನ್ ಮಾಡಿದಿ?"
ಕಾಯಿ ಒಡೆಯುತ್ತಿದ್ದೇನೆ, ತಡಿ,
ಕೈಯಲ್ಲಿ ಕತ್ತಿ ಇದೆ.