ಇನ್ನೊಂದಕ್ಕೆ ಸುಣ್ಣ

ಒಂದು ಕಣ್ಣಿಗೆ ಬೆಣ್ಣೆ ಅನ್ನುವ ಗಾದೆ
ಅರ್ಧ ಮಾತ್ರ ನನಗೆ ತಿಳಿದಿತ್ತು.
ಉಳಿದರ್ಧ ಮುಸಫ್ಫಾದಲ್ಲಿ
ನಾಲ್ಕನೇ ಮಹಡಿಯ ಸೂರಿಗೆ ಗಾರೆ ಬಳಿಯುವಾಗ
ಮೇಲಿಂದ ಬಿತ್ತು, ಎಡಗಣ್ಣಿಗೆ,
ಒಂದು ಕರಣೆಯಷ್ಟು.

ನೀರು ಹಾಕು ಅಂದರು, ಹಾಕಿಕೊಂಡೆ.
ಟ್ಯಾಂಕಿನ ನೀರು ಕುದಿಯುತ್ತಿತ್ತು, ಆಗಸ್ಟು.
ಫೋರ್‌ಮನ್ ಗಡಿಯಾರ ನೋಡಿದ.
ಐದನೇ ದಿನಕ್ಕೆ ಕಪ್ಪುಗುಡ್ಡೆ
ಬೆಂದ ಮೀನಿನ ಕಣ್ಣಿನಂತೆ ಬೆಳ್ಳಗಾಗಿ
ಕೀವು ಒಳಗೇ ಮನೆ ಮಾಡಿತ್ತು.

ಆಸ್ಪತ್ರೆಯ ಕಿಟಕಿಯಲ್ಲಿ ಹೆಸರು ಕೇಳಿದರು. ಹುಸೇನಪ್ಪ.
"ಹುಸೇನ್ ಸರಿ, ಈ ಅಪ್ಪ ಯಾರು?"
ಅಲಾಯಿ ಕುಣಿಯ ಮುಂದೆ ಹರಕೆ ಹೊತ್ತು ಹಡೆದವಳ ಕತೆ
ಹೇಳುವಷ್ಟು ಅರಬ್ಬಿ ನನ್ನಲ್ಲಿರಲಿಲ್ಲ.
ಹುಸೇನ್ ಅಂತಲೇ ಬರೆದು ಕಣ್ಣು ತೆಗೆದರು.

ಸೂಡಾನಿನ ಡಾಕ್ಟರು, ಸಣ್ಣ ದನಿಯವರು.
ಗುಡ್ಡೆಯ ಜಾಗಕ್ಕೆ ಗೋಲಿ ಇಟ್ಟಿದ್ದೇವೆ, ಅಂದರು,
ಮಾಂಸ ಅದನ್ನು ತನ್ನದು ಅಂದುಕೊಳ್ಳಬೇಕು, ಅಷ್ಟೇ.
ಅಂದುಕೊಳ್ಳಲಿಲ್ಲ ಮಾಂಸ.
ಇಪ್ಪತ್ತೆರಡನೇ ದಿನ ರೆಪ್ಪೆ ಉಬ್ಬಿ ಬದನೆಕಾಯಿ.
ದಿಂಬಿನ ಮೇಲೆ ಹಳದಿ ಕಲೆ. ವಾಸನೆ.
ಮೇಲಿನ ಮಂಚದ ಬಿಹಾರಿ ಹುಡುಗ ರೂಮು ಬದಲಿಸಿದ.
ಬೇಜಾರಿಲ್ಲ, ಅವನೂ ಉಣ್ಣಬೇಕಲ್ಲ.

ಮೌಲಾಲಿ ಮಾತ್ರ ಎರಡು ತಾಸಿಗೊಮ್ಮೆ ಎದ್ದು
ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು
ಹೊಲಿಗೆ ಬಿಟ್ಟ ಗುಣಿಗೆ ಹನಿ ಹಾಕುತ್ತಿದ್ದ.
"ಏನ್ ಕಾಣಸ್ತದ?" ಕೇಳುತ್ತಿದ್ದೆ.
"ಕೆಂಪು. ದಾಳಿಂಬ್ರಿ ಒಡದಂಗ," ಅಂದವನು
ಒಂದು ರಾತ್ರಿ ಹೊರಗೆ ಹೋಗಿ ವಾಂತಿ ಮಾಡಿದ.
ಬಾಯಿ ತೊಳೆದು ಬಂದು
ಬಾಕಿ ಇದ್ದ ಹನಿ ಹಾಕಿದ.

ಗೋಲಿ ತೆಗೆದರು. ಕೆಳದುಟಿಯ ಒಳಗಿಂದ
ತುಣುಕು ಕೊಯ್ದು ಅಲ್ಲಿ ಹೊಲಿದರು.
ಹಾಗಾಗಿ ಈಗ ನನ್ನ ಕಣ್ಣಲ್ಲಿರುವುದು ತುಟಿ.
ಮಾತಾಡಬಹುದೇನೋ ಎಂದು ಕಾದೆ.
ಆಡಲಿಲ್ಲ. ಅಳುವುದು ಮಾತ್ರ ಮರೆತಿಲ್ಲ:
ಗುಡ್ಡೆ ಹೋದರೂ ನೀರಿನ ತೊಟ್ಟಿ
ಮೇಲೆ ಹಾಗೇ ಉಳಿದಿರುತ್ತದಂತೆ.
ಫೋನಿನಲ್ಲಿ ನೀಲವ್ವ "ಮಾರಿ ತೋರಸ್ರಿ" ಅಂದರೆ
ಬಲಗಡೆಯಷ್ಟೇ ತೋರಿಸುತ್ತೇನೆ.
ಎಡಗಡೆ, ಅವಳಿಗೆ ಕಾಣದ ಕಡೆ, ಒದ್ದೆಯಾಗುತ್ತದೆ.

ಉಳಿದ ಕಣ್ಣಿಗೆ ದಿನಾ ಬೆಳಿಗ್ಗೆ ಪರೀಕ್ಷೆ.
ಜೋಡಿ ಹೋದ ಸಿಟ್ಟಿಗೆ ಇದೂ ಕೆರಳಬಹುದು,
ಅಪರೂಪಕ್ಕೆ, ಅಂದಿದ್ದಾರೆ ಡಾಕ್ಟರು.
ಎದುರಿನ ಕ್ರೇನಿನ ನಂಬರು ಓದುತ್ತೇನೆ: ನಾಲ್ಕು, ಒಂದು, ಏಳು.
ಕಂಡಿತು. ಇವತ್ತಿನ ಕೂಲಿ ಕೈಗೆ ಬಂದಂತೆ.

ನಾಳೆ ವಿಮಾನ.
ಮೂರು ವರ್ಷದ ಹಿಂದೆ ಇದೇ ನಿಲ್ದಾಣದಲ್ಲಿ
ಯಂತ್ರದ ಮುಂದೆ ನಿಲ್ಲಿಸಿ, ಅಲುಗಾಡಬೇಡ ಅಂದು,
ಎರಡೂ ಕಣ್ಣಿನ ಚಿತ್ರ ತೆಗೆದುಕೊಂಡಿದ್ದರು.
ಎಡಗಣ್ಣು ಇನ್ನೂ ಅಲ್ಲೇ ಇದೆ, ಅವರ ಪೆಟ್ಟಿಗೆಯಲ್ಲಿ,
ಕಪ್ಪಗೆ, ಸುಣ್ಣ ಕಾಣದೆ, ರೆಪ್ಪೆ ಬಡಿಯದೆ.
ನಾಳೆ ಯಂತ್ರ ಕೇಳುತ್ತದೆ: ಎಲ್ಲಿ?
ನಾನೂ ಅದನ್ನೇ ಕೇಳಬೇಕು ಅಂತಿದ್ದೇನೆ.